ಸೋರಿ ಬಂದ ದಾಖಲೆ ಕೈಗೆ ಸಿಕ್ಕಿದಾಗ: ನೆಟ್‌ಗೆ ಹಾಕುವ ಮುಂಚೆ ತಿಳಿದಿರಬೇಕಾದದ್ದು

2020ರ ಮಾರ್ಚ್ ಕೊನೆ. ತಲಪಾಡಿಯಲ್ಲಿ ಕರ್ನಾಟಕದವರು ರಸ್ತೆ ಬಂದ್ ಮಾಡಿದ್ದರು. ನಮ್ಮ ವರ್ಕಾಡಿಯಿಂದ ಮುಡಿಪು, ದೇರಳಕಟ್ಟೆ ಕಡೆಗೆ ಹೋಗುವ ಒಳರಸ್ತೆಗಳಿಗೂ ಮಣ್ಣು ಬಿದ್ದಿತ್ತು. ಅಂಗಡಿ ತೆರೆಯಲು ಬೆಳಿಗ್ಗೆ 11ರಿಂದ ಸಂಜೆ 5ರ ವರೆಗೆ ಮಾತ್ರ ಅವಕಾಶ. ಅಂಥ ಒಂದು ರಾತ್ರಿ ನನ್ನ ಮೊಬೈಲಿಗೆ ಒಂದು ಪಿಡಿಎಫ್ ಬಂತು. ಗಲ್ಫ್‌ನಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿರುವವರ ಪಟ್ಟಿ ಅಂತೆ. ಹೆಸರು, ಮನೆ ಹೆಸರು, ವಾರ್ಡ್, ಮೊಬೈಲ್ ನಂಬರ್ ಎಲ್ಲ ಇತ್ತು. ಯಾರು ಮಾಡಿದ್ದು, ಎಲ್ಲಿಂದ ಹೊರಗೆ ಬಂದದ್ದು ಎಂದು ಗೊತ್ತಿಲ್ಲ. ಜನರಿಗೆ ಎಚ್ಚರಿಕೆ ಆಗಲಿ ಎಂದು ನಾನೂ 3 ಗ್ರೂಪ್‌ಗಳಿಗೆ ಕಳಿಸಿದೆ.

ನಾಲ್ಕು ದಿನ ಕಳೆದು ನನ್ನ ಖಾಯಂ ಗಿರಾಕಿಯೊಬ್ಬರು ಫೋನ್ ಮಾಡಿದರು. ಮಗ ದುಬೈಯಿಂದ ಬಂದವ. ಕಾಯಿಲೆ ಏನೂ ಇಲ್ಲ, ಆದರೂ ಮನೆಗೆ ಹಾಲು ಹಾಕುವವ ಬರುವುದು ನಿಲ್ಲಿಸಿದ್ದಾನೆ. ಗುರುತಿಲ್ಲದ ನಂಬರ್‌ಗಳಿಂದ ಬೈಗುಳದ ಕರೆ ಬರುತ್ತಿದೆ. "ನಮ್ಮ ಹೆಸರು ಕೊಟ್ಟದ್ದು ಯಾರು ಮೋನೇ?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಇತ್ತು, ಹೇಳಲು ಬಾಯಿ ಬರಲಿಲ್ಲ.

ನಾನು ವಕೀಲನಲ್ಲ, ಕಂಪ್ಯೂಟರ್ ಕಲಿತವನೂ ಅಲ್ಲ. ಬಿ.ಕಾಂ ಮುಗಿಸಿ ಅಂಗಡಿಗೆ ಕೂತವ. ಆದರೆ ಆ ಘಟನೆಯ ನಂತರ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಈಗ ನಮ್ಮ ಯುವಕರ ಕೈಗೆ ದಿನಕ್ಕೊಂದು "ರಹಸ್ಯ ದಾಖಲೆ" ಬರುತ್ತದೆ: ಸರ್ಕಾರಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಸ್ಥೆಗಳ ಲೆಕ್ಕ. ಕೂಡಲೇ ಡ್ರೈವ್‌ಗೆ ಹಾಕಿ ಲಿಂಕ್ ಹಂಚುತ್ತಾರೆ. ಅವರಿಗಾಗಿ ಇದು.

ನಮ್ಮ ಜಿಲ್ಲೆಯಲ್ಲೇ ನಡೆದದ್ದು

ಕಾಸರಗೋಡಿನ ಜನರಿಗೆ ದಾಖಲೆ ಸೋರಿಕೆ ಅಂದರೆ ವಿಕಿಲೀಕ್ಸ್‌ಗಿಂತ ಮೊದಲು ನೆನಪಾಗಬೇಕಾದದ್ದು ಕೋವಿಡ್ ಕಾಲ. 2020ರ ಏಪ್ರಿಲ್ ಕೊನೆಗೆ, ಗುಣವಾಗಿ ಮನೆಗೆ ಬಂದ ನಮ್ಮ ಜಿಲ್ಲೆಯ ರೋಗಿಗಳಿಗೆ ಬೆಂಗಳೂರಿನಿಂದ ಖಾಸಗಿ ಕಂಪನಿಯವರ ಹೆಸರಿನಲ್ಲಿ ಫೋನ್ ಬರುತ್ತಿದೆ ಎಂಬ ದೂರು ಎದ್ದಿತು. ಆಸ್ಪತ್ರೆ ಮತ್ತು ಸರ್ಕಾರಕ್ಕೆ ಮಾತ್ರ ಗೊತ್ತಿರಬೇಕಾದ ನಂಬರ್ ಅವರಿಗೆ ಹೇಗೆ ಸಿಕ್ಕಿತು ಎಂಬುದೇ ಪ್ರಶ್ನೆ. ಪಕ್ಕದ ಕಣ್ಣೂರಿನಲ್ಲೂ ರೋಗಿಗಳ ವಿವರ ಇದ್ದ ಗೂಗಲ್ ಮ್ಯಾಪ್ ಲಿಂಕ್ ಹೊರಗೆ ಹೋಯಿತು ಎಂಬ ವಿವಾದ ಆಯಿತು. ಅದೇ ಹೊತ್ತಿಗೆ, ಕೇರಳ ಸರ್ಕಾರ ರೋಗಿಗಳ ಮಾಹಿತಿಯನ್ನು ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಗೆ ಕೊಟ್ಟ ವಿಚಾರ ಹೈಕೋರ್ಟಿನಲ್ಲಿತ್ತು. ಏಪ್ರಿಲ್ 24ರಂದು ಮಧ್ಯಂತರ ಆದೇಶ ಬಂತು. ಹೆಸರು-ಗುರುತು ತೆಗೆದ ನಂತರವೇ ಮಾಹಿತಿ ಕೊಡಬೇಕು, ಮೂರನೆಯವರು ನೋಡುವ ಸಾಧ್ಯತೆ ಇದೆ ಎಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಕೋರ್ಟ್ ಹೇಳಿತು. ಕೋವಿಡ್ ಮುಗಿದ ಮೇಲೆ ಇನ್ನೊಂದು ಮಾಹಿತಿ ಸಾಂಕ್ರಾಮಿಕ ಬರಬಾರದು ಎಂಬುದೂ ಆ ಆದೇಶದ ಆಶಯವಾಗಿತ್ತು.

ಗಡಿಯಾಚೆ ಕರ್ನಾಟಕದಲ್ಲಿ ಸೋರಿಕೆಯ ಅಗತ್ಯವೇ ಬರಲಿಲ್ಲ. ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಮಾರ್ಚ್‌ನಲ್ಲಿ ವೆಬ್‌ಸೈಟಿಗೆ ಹಾಕಿತು. ನಂತರ ಅದನ್ನು ತೆಗೆದರೂ ಏನು ಪ್ರಯೋಜನ? ಆಗಲೇ ಸಾವಿರಾರು ಮೊಬೈಲ್‌ಗಳಿಗೆ ಇಳಿದಾಗಿತ್ತು. ನೆಟ್‌ಗೆ ಹಾಕಿದ ಕಾಗದ ಅಂಗಡಿಯಿಂದ ಹೊರಗೆ ಹೋದ ನೋಟಿನ ಹಾಗೆ, ವಾಪಸ್ ಅದೇ ನೋಟು ನಿಮ್ಮ ಗಲ್ಲಾಕ್ಕೆ ಬರುವುದಿಲ್ಲ.

ಸೋರಿಕೆ ಎಲ್ಲವೂ ಕೆಟ್ಟದ್ದಲ್ಲ

ಇದನ್ನೂ ಹೇಳಲೇಬೇಕು. ಕರ್ನಾಟಕ ಲೋಕಾಯುಕ್ತ ನ್ಯಾ. ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸರ್ಕಾರಕ್ಕೆ ಸಲ್ಲಿಕೆಯಾದದ್ದು 2011ರ ಜುಲೈ 27ಕ್ಕೆ. ಅದರ ಮುಖ್ಯಾಂಶ ಕೆಲವು ದಿನ ಮೊದಲೇ ಮಾಧ್ಯಮಕ್ಕೆ ಸೋರಿಕೆಯಾಗಿತ್ತು. 16,085 ಕೋಟಿ ರೂ. ನಷ್ಟ ಎಂಬ ಲೆಕ್ಕ ಜನರ ಮುಂದೆ ಬಂದ ಮೇಲೆ ವರದಿಯನ್ನು ಕಪಾಟಿನಲ್ಲಿ ಇಡುವ ದಾರಿ ಯಾರಿಗೂ ಉಳಿಯಲಿಲ್ಲ. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಉದಾಹರಣೆ ಇದೆ. ಕರ್ನಾಟಕದ ವಕ್ಫ್ ಆಸ್ತಿ ಕಬಳಿಕೆ ಕುರಿತು ಅಲ್ಪಸಂಖ್ಯಾತ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿ ವರದಿ ಕೊಟ್ಟದ್ದು 2012ರಲ್ಲಿ. ಸುಮಾರು 27,000 ಎಕರೆ ಕೈತಪ್ಪಿದೆ ಎಂಬ ಆರೋಪ ಅದರಲ್ಲಿತ್ತು. ಅದು ಸದನದಲ್ಲಿ ಮಂಡನೆಯಾಗಲು 2020 ಬರಬೇಕಾಯಿತು. ಮಧ್ಯದ 8 ವರ್ಷ ಒಬ್ಬರು "ವರದಿಯಲ್ಲಿ ಹೀಗಿದೆ" ಅನ್ನುವುದು, ಇನ್ನೊಬ್ಬರು "ಹಾಗಿಲ್ಲ" ಅನ್ನುವುದು. ಓದಿ ನೋಡೋಣ ಅಂದರೆ ಸಾಮಾನ್ಯರ ಕೈಗೆ ಅಧಿಕೃತ ಪ್ರತಿ ಇಲ್ಲ. ವರದಿ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಮುಚ್ಚಿಟ್ಟದ್ದರಿಂದ ಗಾಳಿಮಾತಿಗೆ ಮಾತ್ರ ಲಾಭವಾಯಿತು.

ಕಾಂತರಾಜ ಆಯೋಗದ ಜಾತಿ ಸಮೀಕ್ಷೆಯಲ್ಲೂ ಇದೇ ಕತೆ. ಸಮೀಕ್ಷೆ ನಡೆದದ್ದು 2015ರಲ್ಲಿ, ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ "ಸೋರಿಕೆಯಾದ ಅಂಕಿಅಂಶ" ಎಂದು ಎಷ್ಟೋ ಪಟ್ಟಿಗಳು ಓಡಾಡಿದವು. ಯಾವುದು ನಿಜ, ಯಾವುದು ಎಕ್ಸೆಲ್‌ನಲ್ಲಿ ಕೂತು ಟೈಪ್ ಮಾಡಿದ್ದು ಎಂದು ಹೇಳುವವರಿಲ್ಲ.

ಆದ್ದರಿಂದ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಅಧಿಕಾರ ಇರುವವರು ಅಧಿಕಾರವನ್ನು ಹೇಗೆ ಬಳಸಿದರು ಎಂದು ಹೇಳುವ ಕಾಗದ ಒಂದು ಜಾತಿ. ಏನೂ ಅಧಿಕಾರ ಇಲ್ಲದ ಮನುಷ್ಯನ ಕಾಯಿಲೆ, ಸಾಲ, ಸಂಸಾರ ಹೇಳುವ ಕಾಗದ ಇನ್ನೊಂದು ಜಾತಿ. ಕಷ್ಟ ಏನೆಂದರೆ ಹೆಚ್ಚಿನ ದಾಖಲೆಗಳಲ್ಲಿ ಎರಡೂ ಕಲಸಿಕೊಂಡಿರುತ್ತದೆ. 2015ರಿಂದ ವಿಕಿಲೀಕ್ಸ್ ಸೌದಿ ಅರೇಬಿಯದ ರಾಜತಾಂತ್ರಿಕ ದಾಖಲೆಗಳನ್ನು ಹಾಕಿತ್ತು. 2016ರಲ್ಲಿ ಎಪಿ ಸುದ್ದಿಸಂಸ್ಥೆ ಅದನ್ನು ಜಾಲಾಡಿದಾಗ ಸರ್ಕಾರದ ಗುಟ್ಟುಗಳ ನಡುವೆ ರೋಗಿಗಳ ವೈದ್ಯಕೀಯ ವಿವರ, ಅತ್ಯಾಚಾರಕ್ಕೆ ಒಳಗಾದವರ ಹೆಸರು ಸಹ ಸಿಕ್ಕಿತು. ಪನಾಮಾ ಪೇಪರ್ಸ್‌ನವರು ಮಾಡಿದ್ದು ಬೇರೆ. 2016ರಲ್ಲಿ 1.15 ಕೋಟಿ ದಾಖಲೆ ಕೈಯಲ್ಲಿದ್ದರೂ ಪತ್ರಕರ್ತರ ಒಕ್ಕೂಟ ಅದನ್ನೆಲ್ಲ ಸುರಿಯಲಿಲ್ಲ. ಕಂಪನಿಗಳ ಹೆಸರು, ಅದರ ಹಿಂದಿರುವವರ ಹೆಸರು ಹುಡುಕುವ ಹಾಗೆ ಒಂದು ಪಟ್ಟಿ ಮಾತ್ರ ಮಾಡಿತು. ಬ್ಯಾಂಕ್ ಖಾತೆ ನಂಬರ್, ಪಾಸ್‌ಪೋರ್ಟ್, ಖಾಸಗಿ ಮೇಲ್ ಹೊರಗೆ ಹಾಕಲಿಲ್ಲ. ನನಗೆ ಆ ದಾರಿಯೇ ಸರಿ ಕಾಣುತ್ತದೆ.

ಕಾನೂನು ಎಲ್ಲಿ ಹಿಡಿಯುತ್ತದೆ

ಮೊದಲನೆಯದು 1923ರ ಅಧಿಕೃತ ರಹಸ್ಯ ಕಾಯ್ದೆ. ಬ್ರಿಟಿಷರದ್ದು, ಇವತ್ತಿಗೂ ಇದೆ. ಇದರ 5ನೇ ಸೆಕ್ಷನ್ ಕೊಟ್ಟವನನ್ನು ಮಾತ್ರವಲ್ಲ, ಗೊತ್ತಿದ್ದೂ ಪಡೆದವನನ್ನೂ ಹಿಡಿಯುತ್ತದೆ; 3 ವರ್ಷದ ವರೆಗೆ ಜೈಲು. ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು 2002ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಬಂಧಿಸಿದ್ದು ಈ ಕಾಯ್ದೆಯಡಿ. ಅವರ ಕಂಪ್ಯೂಟರಿನಲ್ಲಿದ್ದ ದಾಖಲೆ ಯಾರು ಬೇಕಾದರೂ ನೆಟ್‌ನಿಂದ ಇಳಿಸಿಕೊಳ್ಳಬಹುದಾದ ಒಂದು ಪ್ರಕಟಿತ ಬರಹ. ಕೊನೆಗೆ 2003ರ ಜನವರಿಯಲ್ಲಿ ಸರ್ಕಾರ ಕೇಸ್ ವಾಪಸ್ ಪಡೆಯಿತು. ಆದರೆ 7 ತಿಂಗಳು ತಿಹಾರ್ ಜೈಲಿನಲ್ಲಿ ಕಳೆದದ್ದು ವಾಪಸ್ ಬಂತಾ? "ಇದು ಆಗಲೇ ನೆಟ್‌ನಲ್ಲಿ ಇದೆಯಲ್ವಾ" ಎಂಬ ಧೈರ್ಯ ಮಾಡುವವರು ಈ ಪ್ರಕರಣ ನೆನಪಿಡಬೇಕು. ಸೇನೆ, ಗಡಿ, ಭದ್ರತೆಗೆ ಸಂಬಂಧಿಸಿದ ಕಾಗದ ಬಂದರೆ ತೆರೆಯಲೂ ಹೋಗಬೇಡಿ, ಹಂಚಲೂ ಬೇಡಿ, ನೇರ ವಕೀಲರ ಹತ್ತಿರ ಹೋಗಿ.

ಇನ್ನೊಂದು ಮುಖವೂ ಇದೆ. ರಫೇಲ್ ಒಪ್ಪಂದದ ಕಡತಗಳನ್ನು ದಿ ಹಿಂದೂ ಪತ್ರಿಕೆ 2019ರಲ್ಲಿ ಪ್ರಕಟಿಸಿದಾಗ, ಕಳವಾದ ದಾಖಲೆಯನ್ನು ಕೋರ್ಟ್ ನೋಡಬಾರದು ಎಂದು ಕೇಂದ್ರ ಆಕ್ಷೇಪಿಸಿತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಆ ಆಕ್ಷೇಪವನ್ನು ತಳ್ಳಿದರು. (ಮೂಲ ಮರುಪರಿಶೀಲನಾ ಅರ್ಜಿ ನವೆಂಬರ್‌ನಲ್ಲಿ ವಜಾ ಆಯಿತು, ಅದು ಬೇರೆ.) ಮಾಹಿತಿ ಹಕ್ಕು ಕಾಯ್ದೆಯ 8(2) ಸೆಕ್ಷನ್ ಸಹ, ಸಾರ್ವಜನಿಕ ಹಿತ ಹೆಚ್ಚಿದ್ದರೆ ರಹಸ್ಯ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು ಅನ್ನುತ್ತದೆ.

ಖಾಸಗಿ ದಾಖಲೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಬರುತ್ತದೆ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿನಿಂದ ಕಾಪಿ ಮಾಡಿದರೆ 43 ಮತ್ತು 66ನೇ ಸೆಕ್ಷನ್. ಕೆಲಸದ ಒಪ್ಪಂದದಲ್ಲಿ ಕೈಗೆ ಬಂದ ಜನರ ವಿವರವನ್ನು ಹೊರಗೆ ಕೊಟ್ಟರೆ 72ಎ. ಅಕ್ಷಯ ಕೇಂದ್ರ, ಬ್ಯಾಂಕ್, ಆಸ್ಪತ್ರೆ ಕೌಂಟರ್‌ನಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು ಇದನ್ನು ಸರಿಯಾಗಿ ತಿಳಿದಿರಲಿ. ಎರಡಕ್ಕೂ 3 ವರ್ಷದ ವರೆಗೆ ಜೈಲಿದೆ. ಮಾನನಷ್ಟಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಅದರಲ್ಲಿ "ಸತ್ಯ" ಅಂದರೆ ಸಾಲದು, ಅದು ಸಾರ್ವಜನಿಕ ಹಿತಕ್ಕೂ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಅದರಲ್ಲಿ ಪತ್ರಕರ್ತರಿಗೂ ಪ್ರತ್ಯೇಕ ವಿನಾಯಿತಿ ಇಲ್ಲ, ಇನ್ನು ಫೇಸ್‌ಬುಕ್ ಪೇಜ್ ನಡೆಸುವವರ ಕತೆ ಕೇಳಬೇಕೇ.

ಗುಟ್ಟು ಹೊರಗೆ ಹಾಕಿದವರಿಗೆ ರಕ್ಷಣೆ ಇದೆಯಾ? 2014ರಲ್ಲಿ ಕಾಯ್ದೆ ಆಗಿದೆ, ಜಾರಿಗೆ ಬಂದಿಲ್ಲ. ಆ ಕಾಯ್ದೆಗೆ ಕಾರಣರಾದವರಲ್ಲಿ ಒಬ್ಬರು ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ. ಚತುಷ್ಪಥ ಕಾಮಗಾರಿಯ ಅಕ್ರಮದ ಬಗ್ಗೆ ಅವರು ಪ್ರಧಾನಿ ಕಚೇರಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು. ಆದರೂ ದೇಶ ಪಾಠ ಕಲಿತದ್ದು ಆ ಪತ್ರ ಓಡಾಡಿದ ರೀತಿಯಿಂದ.

ಕಾಗದವೇ ಕೊಟ್ಟವನ ಹೆಸರು ಹೇಳುತ್ತದೆ

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ 2017ರಲ್ಲಿ ರಿಯಾಲಿಟಿ ವಿನ್ನರ್ ಎಂಬ ಯುವತಿ ಬೇಹುಗಾರಿಕೆ ಸಂಸ್ಥೆಯ ಒಂದು ವರದಿಯನ್ನು ಪ್ರಿಂಟ್ ತೆಗೆದು ಪತ್ರಿಕೆಗೆ ಅಂಚೆಯಲ್ಲಿ ಕಳಿಸಿದರು. ಪತ್ರಿಕೆಯವರು ನಿಜವೋ ಎಂದು ಕೇಳಲು ಅದರ ಪ್ರತಿಯನ್ನು ಅದೇ ಸಂಸ್ಥೆಗೆ ತೋರಿಸಿದರು. ಹಾಳೆಯ ಮಡಿಕೆ ನೋಡಿ ಇದು ಪ್ರಿಂಟ್ ಎಂದು ಅವರಿಗೆ ತಿಳಿಯಿತು. ಲಾಗ್ ನೋಡಿದರೆ ಅದನ್ನು ಪ್ರಿಂಟ್ ಮಾಡಿದವರು 6 ಮಂದಿ ಮಾತ್ರ. ಕತೆ ಮುಗಿಯಿತು. ಮೇಲಾಗಿ, ಪ್ರಕಟವಾದ ಪುಟದಲ್ಲಿ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳಿದ್ದವು. ಹಲವು ಕಲರ್ ಲೇಸರ್ ಪ್ರಿಂಟರ್‌ಗಳು ಹಾಳೆಯ ಮೇಲೆ ತಮ್ಮ ಸೀರಿಯಲ್ ನಂಬರ್, ದಿನಾಂಕ, ಸಮಯವನ್ನು ಹಾಗೆ ಚುಕ್ಕೆಯಲ್ಲಿ ಬರೆಯುತ್ತವೆ. ಆಕೆಗೆ 5 ವರ್ಷ 3 ತಿಂಗಳು ಜೈಲಾಯಿತು.

ನಮ್ಮಲ್ಲಿ ಇಷ್ಟು ದೊಡ್ಡದು ಬೇಡ. ಮೊಬೈಲಿನಲ್ಲಿ ತೆಗೆದ ಫೋಟೋದ ಒಳಗೆ ದಿನಾಂಕ, ಮೊಬೈಲ್ ಮಾಡೆಲ್, ಲೊಕೇಶನ್ ಆನ್ ಇದ್ದರೆ ಜಾಗ ಸಹ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಹೋಗುತ್ತದೆ, "ಡಾಕ್ಯುಮೆಂಟ್" ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಪಿಡಿಎಫ್ ಮತ್ತು ವರ್ಡ್ ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿ, ಮಾಡಿದವರ ಹೆಸರು ಇರುತ್ತದೆ. ಗೂಗಲ್ ಡ್ರೈವ್ ಲಿಂಕ್ ಕೊಟ್ಟರೆ ನಿಮ್ಮ ಜಿಮೇಲ್ ಹೆಸರು ಇನ್ನೊಬ್ಬರಿಗೆ ಕಾಣಬಹುದು.

ಹೆಸರು ಮುಚ್ಚುವುದರಲ್ಲೂ ತಪ್ಪು ನಡೆಯುತ್ತದೆ. ಪಿಡಿಎಫ್ ಮೇಲೆ ಕಪ್ಪು ಡಬ್ಬಿ ಇಟ್ಟರೆ ಅಕ್ಷರ ಕೆಳಗೆ ಹಾಗೆಯೇ ಇರುತ್ತದೆ, ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಹೊರಗೆ ಬರುತ್ತದೆ. ಮೊಬೈಲಿನ ಹೈಲೈಟರ್‌ನಲ್ಲಿ ಗೀಚಿದರೆ ಬ್ರೈಟ್‌ನೆಸ್ ಏರಿಸಿದಾಗ ಕಾಣುತ್ತದೆ. ಸುರಕ್ಷಿತ ದಾರಿ ಹಳೆಯದೇ: ಬೇಕಾದ ಅಂಕಿಗಳನ್ನು ಹೊಸ ಹಾಳೆಗೆ ಕೈಯಾರೆ ಟೈಪ್ ಮಾಡುವುದು. ಇಲ್ಲದಿದ್ದರೆ ಪ್ರಿಂಟ್ ತೆಗೆದು, ಹೆಸರಿನ ಭಾಗವನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದು, ಮತ್ತೆ ಸ್ಕ್ಯಾನ್ ಮಾಡುವುದು.

ಎಕ್ಸೆಲ್ ಬಗ್ಗೆ ಒಂದು ಮಾತು, ಕಾಮರ್ಸ್ ಓದಿದವನಾಗಿ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಎಕ್ಸೆಲ್‌ನಲ್ಲಿ ಉತ್ತರ ಕೊಟ್ಟಿತು. ಮೇಲೆ ಸಣ್ಣ ಟೇಬಲ್ ಮಾತ್ರ. ಹಿಂದೆ ಒಂದು ಅಡಗಿದ ಶೀಟ್‌ನಲ್ಲಿ ಸಾವಿರಾರು, ಹೆಚ್ಚುಕಡಿಮೆ ಇಡೀ ಇಲಾಖೆಯ ಸಿಬ್ಬಂದಿಯ ಹೆಸರು, ಕೆಲಸದ ಜಾಗ. ಕೆಲವೇ ಗಂಟೆ ನೆಟ್‌ನಲ್ಲಿ ಇತ್ತು, ಅಷ್ಟೇ ಸಾಕಾಯಿತು. ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಬಿತ್ತು. ಎಕ್ಸೆಲ್ ಫೈಲನ್ನು ಹಾಗೆಯೇ ಹೊರಗೆ ಕೊಡಬೇಡಿ, ನಿಮ್ಮ ಅಂಗಡಿಯ ಸ್ಟಾಕ್ ಲಿಸ್ಟ್ ಆದರೂ ಸರಿ.

ಮೂಲ ಫೈಲನ್ನು ಮಾತ್ರ ಮುಟ್ಟಬಾರದು. ಬಂದದ್ದು ಬಂದ ಹಾಗೆ ಒಂದು ಪೆನ್‌ಡ್ರೈವ್‌ನಲ್ಲಿ ಇರಲಿ. ತಿದ್ದುವುದೆಲ್ಲ ಪ್ರತಿಯಲ್ಲಿ. ಮೂಲದ "ಹ್ಯಾಶ್" ತೆಗೆದು ಬರೆದಿಡಿ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಬೇಕು.

ಎಲ್ಲಿ ಇಡುವುದು

ವೆಬ್‌ಸೈಟ್ ಅಂದರೆ ಬಾಡಿಗೆ ಅಂಗಡಿ. ಜಾಗ ಒಬ್ಬರದು, ಬೋರ್ಡ್ ಬರೆದುಕೊಟ್ಟವ ಇನ್ನೊಬ್ಬ, ಹಣ ತರುವ ದಾರಿ ಮೂರನೆಯವನದು. 2010ರ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್‌ಗೆ ಆದದ್ದು ಅದೇ. ಅಮೆಜಾನ್ ಸರ್ವರ್‌ನಿಂದ ಹೊರಗೆ ಹಾಕಿತು, ಡೊಮೈನ್ ನೋಡಿಕೊಳ್ಳುವ ಕಂಪನಿ ಕೈಬಿಟ್ಟಿತು, ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ದೇಣಿಗೆ ನಿಲ್ಲಿಸಿದವು. ಬೆಂಬಲಿಗರು ನೂರಾರು ಕಡೆ ನಕಲು ಸೈಟ್ ಮಾಡಿದ್ದರಿಂದ ಅದು ಉಳಿಯಿತು. ಆದರೆ ಆ ಪ್ರತಿಗಳೊಂದಿಗೆ ಹೊರಗೆ ಹೋಗಿದ್ದ ಬೀಗ ಹಾಕಿದ ಒಂದು ಫೈಲಿನ ಪಾಸ್‌ವರ್ಡ್ ಮುಂದೆ ಒಂದು ಪುಸ್ತಕದಲ್ಲಿ ಅಚ್ಚಾಗಿ, 2011ರಲ್ಲಿ ಸುಮಾರು 2.5 ಲಕ್ಷ ರಾಜತಾಂತ್ರಿಕ ಪತ್ರಗಳು ಹೆಸರು ಮುಚ್ಚದೆಯೇ ಹೊರಗೆ ಬಂದವು. 2020ರಲ್ಲಿ ಅಮೆರಿಕದ ಪೊಲೀಸ್ ಇಲಾಖೆಗಳ 269 ಜಿಬಿ ದಾಖಲೆ ಹಾಕಿದ ಗುಂಪಿನದ್ದೂ ಅದೇ ಅನುಭವ: ಟ್ವಿಟರ್ ಖಾತೆ ಹೋಯಿತು, ಜರ್ಮನಿಯಲ್ಲಿ ಸರ್ವರ್ ಜಪ್ತಿಯಾಯಿತು.

ಭಾರತದಲ್ಲಿ ಸರ್ಕಾರ ಐಟಿ ಕಾಯ್ದೆಯ 69ಎ ಸೆಕ್ಷನ್‌ನಲ್ಲಿ ಸೈಟ್ ಬ್ಲಾಕ್ ಮಾಡಿಸಬಹುದು. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ಪ್ರಕಾರ ಸರ್ವರ್ ಬಾಡಿಗೆ ಕೊಡುವವರು, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು. "ಬೇರೆ ಹೆಸರಿನ ಪೇಜ್‌ನಲ್ಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ" ಎಂಬುದು ಮಕ್ಕಳ ಮಾತು ಮಾರಾಯ್ರೆ. ಆದ್ದರಿಂದ ದೊಡ್ಡ ದಾಖಲೆಯಾದರೆ ಸ್ವಂತ ಹಾಕಬೇಡಿ. ವಕೀಲರು, ಸಂಪಾದಕರು ಇರುವ ಪತ್ರಿಕೆಗೆ ಒಪ್ಪಿಸಿ. ನಿಜವೋ ಎಂದು ಪರೀಕ್ಷಿಸುವುದು, ಆರೋಪ ಇರುವವರ ಉತ್ತರ ಕೇಳುವುದು ಅವರ ಕೆಲಸ.

ಅದಕ್ಕಿಂತ ಮೊದಲು ಕೇಳಿ ನೋಡಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲೇ ಸರ್ಕಾರಿ ಕಚೇರಿಗೆ ಬರೆಯುವ ಹಕ್ಕಿದೆ; 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅದನ್ನು ಕೊಟ್ಟಿದೆ. ವಕ್ಫ್‌ನಲ್ಲಿ ನೋಂದಣಿಯಾದ ಸಂಸ್ಥೆಯಾದರೆ ಪ್ರತಿ ವರ್ಷ ಬೋರ್ಡಿಗೆ ಲೆಕ್ಕ ಕೊಡಬೇಕು. ಹೀಗೆ ಸಿಕ್ಕಿದ ಕಾಗದ ಸೋರಿಕೆ ಅಲ್ಲ, ಅದನ್ನು ತೋರಿಸಲು ಯಾರ ಭಯವೂ ಬೇಡ. 2025ರ ನವೆಂಬರ್ ನಂತರ "ವೈಯಕ್ತಿಕ ಮಾಹಿತಿ" ಎಂದು ಹೇಳಿ ನಿರಾಕರಿಸುವುದು ಅಧಿಕಾರಿಗಳಿಗೆ ಸುಲಭವಾಗಿದೆ ಎಂಬುದು ನಿಜ, ಆಗ ಮೇಲ್ಮನವಿಯಲ್ಲಿ 8(2) ಎತ್ತಿ ಹೇಳಬೇಕು.

14 ಫೋಟೋಗಳು

ಮೊನ್ನೆ ನಮ್ಮ ಕಡೆಯ ಹುಡುಗನೊಬ್ಬ ಅಂಗಡಿಗೆ ಬಂದ. ಮಂಗಳೂರಿನಲ್ಲಿ ಬಿಸಿಎ ಓದುವವ. ಒಂದು ಸಂಸ್ಥೆಯ ಬಡವರ ಸಹಾಯನಿಧಿಯ ಲೆಡ್ಜರಿನ 14 ಫೋಟೋ ಅವನಲ್ಲಿತ್ತು. "ಇಚ್ಚಾ, ಹಣ ತಿಂದಿದ್ದಾರೆ. ಇವತ್ತು ರಾತ್ರಿಯೇ ಹಾಕ್ತೇನೆ" ಅಂದ. ನಾನು ಶಟರ್ ಅರ್ಧ ಇಳಿಸಿ ನೋಡಿದೆ. ಅನುಮಾನ ಬರುವ ಹಾಗೆಯೇ ಇತ್ತು, ಸುಳ್ಳು ಹೇಳುವುದಿಲ್ಲ. ವೋಚರ್ ನಂಬರ್ 41ರ ನಂತರ ನೇರ 57. ಮಧ್ಯದ 15 ವೋಚರ್ ಇಲ್ಲ, ಕ್ಯಾಶ್ ಬ್ಯಾಲೆನ್ಸ್ ಮಾತ್ರ ಇಳಿದಿದೆ.

ಆದರೆ ನಡುವಿನ ಕಾಲಂನಲ್ಲಿ ಏನಿತ್ತು? ಹೆಸರು ಮತ್ತು ಕಾರಣ. ಯಾರ ಮಗಳ ನಿಕಾಹ್‌ಗೆ ಎಷ್ಟು, ಯಾರ ಡಯಾಲಿಸಿಸ್‌ಗೆ ಎಷ್ಟು, ಗಂಡ ಬಿಟ್ಟುಹೋದ ಯಾವ ಹೆಣ್ಣಿನ ಮನೆಯ ಅಕ್ಕಿಗೆ ಎಷ್ಟು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಕೊಟ್ಟ ಹಣ. ಅದರಲ್ಲಿ ಇಬ್ಬರು ನನ್ನ ಅಂಗಡಿಗೆ ಬರುವವರು. ಅವರು ತೆಗೆದುಕೊಂಡದ್ದು ನನಗೇ ಗೊತ್ತಿರಲಿಲ್ಲ.

ಇನ್ನೊಂದನ್ನು ನಾನು ಬೆರಳಿಟ್ಟು ತೋರಿಸಿದೆ. 6ನೇ ಫೋಟೋದ ಮೂಲೆಯಲ್ಲಿ ಪುಟ ಹಿಡಿದ ಹೆಬ್ಬೆರಳು, ಪಕ್ಕದ ಬೆರಳಿನಲ್ಲಿ ಕಲ್ಲಿನ ಉಂಗುರ. ಹುಡುಗನ ಮುಖ ಬಿಳಿಚಿತು. ಆ ಉಂಗುರ ಯಾರದ್ದು ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು, ಸಂಬಳಕ್ಕೆ ಲೆಕ್ಕ ಬರೆಯುವ ಮನುಷ್ಯ.

ಆ ರಾತ್ರಿ ಕೂತು ತಾರೀಕು, ವೋಚರ್ ನಂಬರ್, ಮೊತ್ತ ಮಾತ್ರ ಟೈಪ್ ಮಾಡಿದೆವು. ಎರಡು ಪುಟ ಆಯಿತು. ಜಮೆ ಎಷ್ಟು, ಖರ್ಚು ಎಷ್ಟು, ಯಾವ 15 ವೋಚರ್ ಇಲ್ಲ ಎಂದು ಕೆಳಗೆ ಬರೆದೆವು. ನೆಟ್‌ಗೆ ಹಾಕಲಿಲ್ಲ. ಹುಡುಗನ ಬಾಪ ಆ ಸಂಸ್ಥೆಯ ಸದಸ್ಯರು. ಮಹಾಸಭೆಯಲ್ಲಿ ಅವರೇ ಎದ್ದು ನಿಂತು ಲೆಕ್ಕದ ಪ್ರತಿ ಸದಸ್ಯರಿಗೆ ಕೊಡಿ ಅಂತ ಲಿಖಿತವಾಗಿ ಕೇಳಿದರು, 15 ನಂಬರ್‌ಗಳನ್ನು ಓದಿ ಹೇಳಿದರು. ಗದ್ದಲ ಆಯಿತು. ಕಾರ್ಯದರ್ಶಿ 2 ವಾರ ಸಮಯ ಕೇಳಿದ್ದಾರೆ, ಸಭೆಯ ನಡಾವಳಿಯಲ್ಲಿ ಅದು ದಾಖಲಾಗಿದೆ. ಉತ್ತರ ಬಾರದಿದ್ದರೆ ಬೋರ್ಡಿಗೆ ಕಳಿಸುವ ದೂರು ಬರೆದು ಆಗಿದೆ. ಫೋಟೋಗಳ ಪೆನ್‌ಡ್ರೈವ್ ನನ್ನ ಗಲ್ಲಾದ ಒಳಗಿನ ಖಾನೆಯಲ್ಲಿದೆ. ಬರುವ ಶುಕ್ರವಾರಕ್ಕೆ 2 ವಾರ ಮುಗಿಯುತ್ತದೆ.